ಡಾರ್ಕ್‌ರೂಮಿನಲ್ಲಿ ಆಡಿದ ಮಾತು

ಪ್ರಶ್ನೆ ಕೇಳಿದವನಿಗೆ ಏಟು ಬೀಳುತ್ತದೆ ಎಂಬುದನ್ನು ಹುಲೆಪ್ಪ ಮೊದಲು ಕಲಿತದ್ದು ಅತನೂರಿನ ಶಾಲೆಯಲ್ಲಿ. ಯಾವ ಸಂಖ್ಯೆಯನ್ನೂ ಸೊನ್ನೆಯಿಂದ ಭಾಗಿಸಬಾರದು ಎಂದು ಮಾಸ್ತರರು ಹೇಳಿದಾಗ ಅವನು ‘ಯಾಕ್ರಿ’ ಎಂದ. ಮಾಸ್ತರರು ಅವನ ಐದೂ ಬೆರಳುಗಳನ್ನು ಮೊಗ್ಗಿನಂತೆ ಕೂಡಿಸಿ ಹಿಡಿದು ಉಗುರುಗಳ ಮೇಲೆ ರೂಲುದೊಣ್ಣೆಯಿಂದ ಹೊಡೆದರು. ಒಂದು ಉಗುರು ಕಪ್ಪಾಗಿ ಉದುರಿತು. ಮನೆಗೆ ಬಂದು ಹೇಳಿದಾಗ ಅಪ್ಪನೂ ಹೊಡೆದ. ಮಗನನ್ನು ಶಾಲೆಯಿಂದ ತೆಗೆದುಹಾಕಿದರೆ ಅವನೂ ತನ್ನಂತೆ ಕಲ್ಲಿನ ಖಣಿಗೆ ಬರಬೇಕಾದೀತೆಂಬ ಭಯದಿಂದ ಹೊಡೆದ ಏಟು ಅದು. ಮರುವರ್ಷ ಅದೇ ಖಣಿಯಲ್ಲಿ ತಡವಾಗಿ ಸಿಡಿದ ಮದ್ದು ಅಪ್ಪನ ಮುಖವನ್ನು ಹಾರಿಸಿತು. ತಾಯಿ ಭಾಗಮ್ಮ ಪಾದದ ಬಿರುಕುಗಳನ್ನು ನೋಡಿ ಗಂಡನ ಹೆಣವನ್ನು ಗುರುತಿಸಿದಳು. ಹುಲೆಪ್ಪ ಶಾಲೆ ಬಿಡಲಿಲ್ಲ. ಪ್ರಶ್ನೆ ಕೇಳುವುದನ್ನು ಮಾತ್ರ ಬಹಳ ಕಾಲ ಬಿಟ್ಟ.

ಉತ್ತರ ಗೊತ್ತಿದ್ದವನೂ ಕ್ಷೇಮವಲ್ಲ ಎಂಬ ಎರಡನೆಯ ಪಾಠ ಬಿ.ಎಸ್ಸಿ. ಪರೀಕ್ಷೆಯ ಕೋಣೆಯಲ್ಲಿ ಆಯಿತು. ಹಿಂದಿನ ಬೆಂಚಿನಲ್ಲಿ ಶಿವರಾಯ ಕುಳಿತಿದ್ದ. ಜೇವರ್ಗಿಯ ಕಡೆಯ ದೊಡ್ಡ ಹಿಡುವಳಿಯ ಮನೆಯವನು. ಓದಿಗಿಂತ ಜೀಪಿನ ಗುಂಗು ಹೆಚ್ಚು. ಪ್ರಶ್ನೆಪತ್ರಿಕೆ ಹಂಚಿ ಮುಗಿಯುವುದರೊಳಗೆ ಹುಲೆಪ್ಪನ ಬೆನ್ನಿಗೆ ಚೂಪಾದದ್ದೊಂದು ತಾಗಿತು.

“ಹಾಳಿ ಈ ಕಡೆ ಸರಸಲೇ. ಇಲ್ಲಂದ್ರ ನಿನ್ನ ಬೆನ್ನ ಮ್ಯಾಲೇ ಬರೀತೇನಿ ನೋಡು.”

ಮೇಲ್ವಿಚಾರಕರು ಕಿಟಕಿಯಾಚೆಯ ಬೇವಿನ ಮರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಹುಲೆಪ್ಪ ಉತ್ತರದ ಹಾಳೆಯನ್ನು ಓರೆಯಾಗಿ ಹಿಡಿದು ಬರೆದ. ಸ್ವಲ್ಪ ತಡವಾದಾಗಲೆಲ್ಲ ಚಾಕುವಿನ ತುದಿ ಒಳಗಿಳಿಯಿತು. ಹೊರಬಂದಾಗ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಫಲಿತಾಂಶದಲ್ಲಿ ಶಿವರಾಯನಿಗೆ ಅವನಿಗಿಂತ ಹೆಚ್ಚು ಅಂಕಗಳು ಬಂದಿದ್ದವು.

ಮುಂದೆ ಹುಲೆಪ್ಪ ಭೌತಶಾಸ್ತ್ರದ ಎಂ.ಎಸ್ಸಿ.ಗೆ ಸೇರಿದ ಸ್ನಾತಕೋತ್ತರ ಕೇಂದ್ರ ಜೇವರ್ಗಿಯ ಹೊರಗೆ, ಬಿಜಾಪುರದ ರಸ್ತೆಯ ಬದಿಗಿತ್ತು. ಮೊದಲು ಅದು ಹತ್ತಿ ಜಿನ್ನಿಂಗಿನ ಗೋದಾಮು. ಗೋಡೆಗಳಿಗೆ ಸುಣ್ಣ ಹೊಡೆದು, ಬೋರ್ಡು ಬಡಿದು, ವಿಶ್ವವಿದ್ಯಾಲಯದ ಹೆಸರು ಬರೆಸಿದ್ದರು. ಹಿತ್ತಿಲಿನಲ್ಲಿ ಹತ್ತಿಯನ್ನು ಒತ್ತಿ ಅಂಡಿಗೆ ಕಟ್ಟುವ ಯಂತ್ರದ ಕಲ್ಲುಕಟ್ಟೆ ಹಾಗೆಯೇ ಉಳಿದಿತ್ತು. ಅಲ್ಲಿ ಕ್ವಾಂಟಂ ಮೆಕ್ಯಾನಿಕ್ಸ್ ಕಲಿಸುತ್ತಿದ್ದವರು ಬಸವಂತರಾಯರು, ಶಿವರಾಯನ ಕಾಕಾ. ಸಾಧು ಮನುಷ್ಯ, ಯಾರಿಗೂ ಗಟ್ಟಿಯಾಗಿ ಬೈದವರಲ್ಲ. ಹಳದಿಯಾದ ನೋಟ್ಸ್ ಓದಿ ಬರೆಸುತ್ತಿದ್ದರು. ಹೈಡ್ರೋಜನ್ ಪರಮಾಣುವಿನ ಸಮೀಕರಣವನ್ನು ಮೂರಾಗಿ ಬಿಡಿಸುವ ಜಾಗ ಬಂದಾಗ ಪ್ರತಿ ವರ್ಷವೂ ಕನ್ನಡಕ ತೆಗೆದು ಒರೆಸಿ, ‘ಇದನ್ನು ನೀವೇ ನೋಡಿಕೊಳ್ಳಬೇಕು’ ಎಂದು ಮುಂದಿನ ಅಧ್ಯಾಯಕ್ಕೆ ಹೋಗುತ್ತಿದ್ದರು. ಪರೀಕ್ಷೆಯಲ್ಲಿ ಬರುತ್ತಿದ್ದದ್ದು ಅದೇ. ಮೊದಲ ವರ್ಷ ಅರ್ಧಕ್ಕಿಂತ ಹೆಚ್ಚು ಮಂದಿ ಆ ಜಾಗದಲ್ಲಿಯೇ ಉರುಳಿದರು; ಹುಲೆಪ್ಪನೂ ಉರುಳಿ, ಅದೇ ಬೆಂಚಿನ ಮೇಲೆ ಮತ್ತೊಂದು ವರ್ಷ ಕುಳಿತ.

ಆ ವರ್ಷ, 1986ರಲ್ಲಿ, ಅವನು ಅಭ್ಯಾಸ ಕೂಟವೊಂದನ್ನು ಕಟ್ಟಿದ. ಅದರ ನಿಯಮ ವಿಚಿತ್ರವಾಗಿತ್ತು: ಒಂದು ವಿಷಯದಲ್ಲಿ ಒಮ್ಮೆಯಾದರೂ ಫೇಲಾದವರೇ ಅದನ್ನು ಕಲಿಸಬೇಕು. ಮೊದಲ ಸಲಕ್ಕೇ ಪಾಸಾದವರಿಗೆ ಎಲ್ಲಿ ಕಾಲು ಜಾರುತ್ತದೆಂದು ಗೊತ್ತಿರುವುದಿಲ್ಲ ಎಂಬುದು ಅವನ ವಾದ. ಅದೇ ತರಗತಿಯ, ಆಳಂದದ ಖುರ್ಷಿದಬೇಗಂ ಮೊದಲ ದಿನವೇ ಹಾಸ್ಯ ಮಾಡಿದಳು.

“ಹಂಗಾದ್ರ ಈ ಜಿಲ್ಲಾದಾಗ ನಿಮ್ಮಂಥಾ ದೊಡ್ಡ ಪ್ರೊಫೆಸರ್ ಇನ್ನೊಬ್ಬ ಇಲ್ಲ ಬಿಡ್ರಿ.”

“ಇದ್ದಾನಲ್ಲ, ನನ್ನ ರೂಮಿನಾಗ ಹ್ವಾದ ವರ್ಷ ಇದ್ದಂವ. ಎರಡ ಸಲ ಫೇಲ್. ಅಂವ ಕುಲಪತಿ ಆಗಬೇಕು,” ಎಂದ ಹುಲೆಪ್ಪ.

ನಕ್ಕರೂ ಅವರು ಕಲಿತರು. ಆದರೆ ಕೂಟದಲ್ಲಿ ಕಲಿತದ್ದರಿಂದ ಪಾಠದ ಕೋಣೆಯ ದೋಷ ಸರಿಹೋಗಲಿಲ್ಲ. ಅಧ್ಯಾಪಕರಿಗೆ ಹೇಳುವವರು ಯಾರು? ಹಲವರ ತಂದೆತಾಯಿಗಳು ಆ ಅಧ್ಯಾಪಕರ ಮನೆಗಳ ಹೊಲಗಳಲ್ಲಿ ದುಡಿಯುವವರು. ವಿಭಾಗದ ಮುಖ್ಯಸ್ಥ ಶರಫುದ್ದೀನರು ತರಗತಿಗೆ ಬಂದು ‘ಏನಾದರೂ ತೊಂದರೆ ಇದೆಯೇ’ ಎಂದು ಕೇಳಿದರೆ ಎಲ್ಲರೂ ಎದ್ದುನಿಂತು ‘ಇಲ್ರಿ ಸರ್’ ಎನ್ನುತ್ತಿದ್ದರು. ಹುಲೆಪ್ಪ ಒಂದು ಸಂಗತಿಯನ್ನು ಗಮನಿಸಿದ್ದ. ಬೆಳಕಿನ ಪ್ರಯೋಗಗಳಿಗಾಗಿ ಕಿಟಕಿಗೆ ಕರಿ ಕಾಗದ ಅಂಟಿಸಿದ ಡಾರ್ಕ್‌ರೂಮಿನೊಳಗೆ ಹೋದರೆ ಅದೇ ಹುಡುಗರ ನಾಲಿಗೆ ಸಡಿಲವಾಗುತ್ತಿತ್ತು. ಆದ್ದರಿಂದ ಪ್ರತಿ ಶನಿವಾರ ಮಧ್ಯಾಹ್ನ ಅಧ್ಯಾಪಕರೂ ವಿದ್ಯಾರ್ಥಿಗಳೂ ಅಲ್ಲಿ ಕೂಡಬೇಕು, ದೀಪ ಆರಿಸಬೇಕು, ಪಾಠದ ಬಗ್ಗೆ ಮನಸ್ಸಿನಲ್ಲಿದ್ದದ್ದನ್ನು ಹೇಳಬೇಕು, ಒಳಗೆ ಕೇಳಿದ ದನಿಗೆ ಹೊರಗೆ ಯಾರೂ ಹೆಸರಿಡಬಾರದು ಎಂದು ಅವನು ಸೂಚಿಸಿದ. ಶರಫುದ್ದೀನರಿಗೆ ಇದು ಪ್ರಯೋಗದಂತೆ ಕಂಡು ಇಷ್ಟವಾಯಿತು. ಮೊದಲ ಶನಿವಾರವೇ ಕತ್ತಲೆಯೊಳಗಿಂದ ಒಬ್ಬ, “ಶರಫುದ್ದೀನ ಸರ್ ಬೋರ್ಡಿಗೆ ಪಾಠಾ ಹೇಳ್ತಾರ, ನಮಗ ಬೆನ್ನ ತೋರಸ್ತಾರ,” ಎಂದ. ಸೋಮವಾರದಿಂದ ಅವರು ತರಗತಿಯ ಕಡೆಗೆ ಮುಖ ಮಾಡಿ ನಿಂತರು.

ಕತ್ತಲೆ ಎಲ್ಲರನ್ನೂ ಸಮನಾಗಿ ಮುಚ್ಚುತ್ತದೆ ಎಂಬುದು ಆ ಪ್ರಯೋಗದ ಆಧಾರ. ಅದು ಯಾರೂ ಪರೀಕ್ಷಿಸದ ಊಹೆಯಾಗಿತ್ತು. ಗಂಡುಹುಡುಗರು ಬಹಳ ಮಂದಿ ಇದ್ದುದರಿಂದ ಅವರ ದನಿಗಳು ಒಂದರೊಳಗೊಂದು ಬೆರೆತು ಕಳೆದುಹೋಗುತ್ತಿದ್ದವು. ಹೆಣ್ಣುಮಕ್ಕಳು ಮೂವರೇ: ಖುರ್ಷಿದಬೇಗಂ, ಅಂದೋಲಾದ ಭೂಮಾಲೀಕ ಚಂದ್ರಾಮಪ್ಪನವರ ಮಗಳು ಗೌರಾಬಾಯಿ, ಮತ್ತು ಬಸವಂತರಾಯರ ಮನೆತನದ ಹೊಲದಲ್ಲಿಯೇ ಗುಡಿಸಲು ಹಾಕಿಕೊಂಡು ಹತ್ತಿ ಬಿಡಿಸುತ್ತಿದ್ದ ವಿಧವೆಯ ಮಗಳು ದ್ರೌಪದಿ.

ಫೆಬ್ರವರಿಯ ಒಂದು ಶನಿವಾರ ಬಸವಂತರಾಯರೂ ಒಳಗೆ ಬಂದು ಕುಳಿತಿದ್ದರು. ದೀಪ ಆರಿದ ಮೇಲೆ ಹೆಣ್ಣುದನಿಯೊಂದು ಕೇಳಿತು.

“ಸರ್, ಹೈಡ್ರೋಜನ್ ಪರಮಾಣು ನಟ್ಟನಡುವ ಬಿಟ್ಟು ಹೋಗ್ತೀರಿ. ನಿಮಗ ಬರಂಗಿಲ್ಲಂದ್ರ ಬರಂಗಿಲ್ಲ ಅಂತ ಹೇಳ್ರಿ. ಕೂಡಿ ಕಲಿಯೋಣು.”

ಮಾತಿನಲ್ಲಿ ತಿರಸ್ಕಾರವಿರಲಿಲ್ಲ, ಕೊನೆಯ ಎರಡು ಶಬ್ದಗಳಲ್ಲಿ ಅಂತಃಕರಣವೇ ಇತ್ತು. ಆದರೆ ಕತ್ತಲೆಯಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಕೋಣೆ ನಕ್ಕಿತು. ಬಸವಂತರಾಯರು ತಡವರಿಸುತ್ತ ಎದ್ದು, ಬಾಗಿಲಿನ ಚೌಕಟ್ಟಿಗೆ ಹಣೆ ಬಡಿಸಿಕೊಂಡು ಹೊರಗೆ ಹೋದರು. ಮಾತಾಡಿದ್ದು ದ್ರೌಪದಿ. ಕೂಟದಲ್ಲಿ ಅವಳಿಗೆ ಆ ಸಮೀಕರಣವನ್ನು ಹೇಳಿಕೊಟ್ಟಿದ್ದ ಹುಲೆಪ್ಪನಿಗೆ ದನಿ ತಕ್ಷಣ ತಿಳಿಯಿತು.

ಬಸವಂತರಾಯರು ಯಾರಿಗೂ ಹೊಡೆಯಿರಿ ಎಂದು ಹೇಳಲಿಲ್ಲ. ಆ ದಿನ ಮನೆಯಲ್ಲಿ ತಾಟಿನ ಮುಂದೆ ಕುಳಿತು, ನಡೆದದ್ದನ್ನು ಹೇಳಿ, ರೊಟ್ಟಿ ಮುರಿಯದೆ ಎದ್ದರು. ಅಷ್ಟು ಸಾಕಾಯಿತು.

ಮರುದಿನ ರವಿವಾರ. ಕೇಂದ್ರದಲ್ಲಿ ಬೇರೆ ಯಾರೂ ಇರಲಿಲ್ಲ. ಅಲ್ಲಿನ ಬೋರ್‌ವೆಲ್ಲಿನ ಬಳಿ ಬಟ್ಟೆ ಒಗೆಯುತ್ತಿದ್ದ ಹುಲೆಪ್ಪನನ್ನು ಶಿವರಾಯ ಮತ್ತು ಅವನ ಇಬ್ಬರು ಜೊತೆಗಾರರು ಕೂದಲು ಹಿಡಿದು ಹಿತ್ತಿಲಿನ ಕಲ್ಲುಕಟ್ಟೆಗೆ ಎಳೆದೊಯ್ದರು. ಶಿವರಾಯ ಈಗ ರಸ್ತೆಯ ಗುತ್ತಿಗೆದಾರ. ಜೀಪಿನಲ್ಲಿ ಕಬ್ಬಿಣದ ಸಲಾಕೆಗಳಿಗೆ ಕೊರತೆಯಿರಲಿಲ್ಲ.

“ಬಾರಲೇ ಪ್ರೊಫೆಸರ್ರ. ನಮ್ಮ ಕಾಕಾಗ ಪಾಠಾ ಹೇಳಿದಾಕಿ ಯಾರು?”

“ಕತ್ತಲಾಗ ಕಾಣಂಗಿಲ್ರಿ.”

“ಕಣ್ಣಿಗಿ ಕಾಣಂಗಿಲ್ಲ, ಖರೇ. ಕಿವಿಗೇನಾಗ್ಯಾದೋ?” ಎಂದು ಶಿವರಾಯ ಅಂಗೈಯಿಂದ ಅವನ ಕಿವಿಗೆ ಅಪ್ಪಳಿಸಿದ. ಕಿವಿಯೊಳಗಿಂದ ಬೆಚ್ಚಗಿನದೊಂದು ಇಳಿದು ಕುತ್ತಿಗೆ ಸೇರಿತು.

ಒಬ್ಬ ಅವನ ಬಲಗೈಯನ್ನು ಕಲ್ಲಿನ ಮೇಲೆ ಚಾಚಿ ಹಿಡಿದ; ಇನ್ನೊಬ್ಬ ಎದೆಯ ಮೇಲೆ ಮೊಣಕಾಲು ಊರಿದ. ಮೊದಲ ಏಟು ಬೆರಳುಗಳ ಮೇಲೆ ಬಿತ್ತು. ಹುಲೆಪ್ಪ ಗೊತ್ತಿಲ್ಲ ಎಂದ. ಎರಡನೆಯದು ಮುಂಗೈಯ ಮೇಲೆ ಬಿದ್ದಾಗ ಮೂಳೆ ಹಸಿ ಕಬ್ಬಿನಂತೆ ಮುರಿದ ಸದ್ದು ಅವನಿಗೇ ಕೇಳಿಸಿತು. ವಾಂತಿ ಮಾಡಿಕೊಂಡು ಮತ್ತೆ ಗೊತ್ತಿಲ್ಲ ಎಂದ. ಶಿವರಾಯ ಅವನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಸಮಾಧಾನದಿಂದ ಮಾತಾಡಿದ.

“ಹುಡಿಗ್ಯಾರು ಮೂರೇ ಮಂದಿ. ಆಳಂದದ ಬೇಗಂದು ಮಾತಿನ ಧಾಟಿ ಬ್ಯಾರೆ, ಅದು ಕಾಕಾಗ ಗೊತ್ತದ. ಉಳದವರು ಇಬ್ಬರು. ನಮ್ಮ ಹೊಲದಾಗಿನ ಹತ್ತಿ ಬಿಡಸೋಳ ಮಗಳೇ ಇರಬೇಕು. ಈಗ ಹೋಗಿ ಗುಡಿಸಲಕ್ಕ ಬೆಂಕಿ ಹಚ್ತೇನಿ. ಖರೇನೋ ಸುಳ್ಳೋ ಆಮ್ಯಾಲ ನೋಡಿದ್ರಾತು.”

ಮುರಿದ ಕೈ ಕಲ್ಲಿನ ಮೇಲಿದ್ದಾಗಲೂ ಹುಲೆಪ್ಪನ ತಲೆ ಲೆಕ್ಕ ಹಾಕಿತು. ದ್ರೌಪದಿಯ ಗುಡಿಸಲನ್ನು ಸುಟ್ಟರೆ ಕೇಳುವವರಿಲ್ಲ. ಚಂದ್ರಾಮಪ್ಪನವರ ಮನೆಯ ಅಂಗಳಕ್ಕೆ ಕೋಲು ಹಿಡಿದು ಹೋಗುವ ಧೈರ್ಯ ಶಿವರಾಯನಿಗಿಲ್ಲ. ಬಲವಿರುವ ಮನೆ ತನ್ನ ಮಗಳನ್ನು ಕಾಯುತ್ತದೆ.

“ಆಕಿ ಅಲ್ಲ,” ಎಂದ. “ಗೌರಾಬಾಯಿ.”

ಶಿವರಾಯನ ಮುಖ ಸಣ್ಣದಾಯಿತು. ಸಲಾಕೆಯನ್ನು ಜೀಪಿನೊಳಗೆ ಎಸೆದು ಹೊರಟುಹೋದ. ಜೇವರ್ಗಿಯ ಸರ್ಕಾರಿ ದವಾಖಾನೆಯಲ್ಲಿ, ಸೈಕಲ್ಲಿನಿಂದ ಬಿದ್ದೆ ಎಂದು ಬರೆಸಿ ಪ್ಲಾಸ್ಟರು ಹಾಕಿಸಿಕೊಂಡ ಹುಲೆಪ್ಪ, ನೋವಿನ ನಡುವೆಯೂ ತನ್ನ ಲೆಕ್ಕ ಸರಿಯಾಯಿತೆಂದು ನಂಬಿ ಮಲಗಿದ.

ಶಿವರಾಯ ಅಂದೋಲಾಕ್ಕೆ ಕೋಲು ಹಿಡಿದು ಹೋಗಲಿಲ್ಲ. ಶುಭ್ರವಾದ ಬಿಳಿ ಅಂಗಿ ತೊಟ್ಟು ಹೋಗಿ, ಚಂದ್ರಾಮಪ್ಪನವರ ಕಾಲಿಗೆ ನಮಸ್ಕರಿಸಿ, ಚಹಾ ಕುಡಿದು, ‘ನಿಮ್ಮ ಮಗಳು ಕತ್ತಲೆ ಕೋಣೆಯಲ್ಲಿ ಗಂಡುಹುಡುಗರ ನಡುವೆ ಕುಳಿತು ಹಿರಿಯರನ್ನು ಹಾಸ್ಯ ಮಾಡಿ ನಗಿಸುತ್ತಾಳೆ’ ಎಂದು ವಿನಯದಿಂದ ತಿಳಿಸಿದ. ಹಿರಿಯರನ್ನು ಹಾಸ್ಯ ಮಾಡಿದ ಮಾತು ಚಂದ್ರಾಮಪ್ಪನವರ ತಲೆಗೆ ಹೋಗಲೇ ಇಲ್ಲ. ಕತ್ತಲೆ ಎಂಬುದಷ್ಟೇ ಕೇಳಿಸಿತು. ಎತ್ತುಗಳ ಬಾರಕೋಲು ತೆಗೆದುಕೊಂಡು ಒಳಗೆ ಹೋದರು. ಗೌರಾಬಾಯಿ ಏನು ಎತ್ತ ಎಂದು ಕೇಳುವುದರೊಳಗೆ ಬೆನ್ನು ಸೀಳಿತು. ತಪ್ಪಿಸಿಕೊಳ್ಳಲು ಹೊರಳಿದಾಗ ಬಾರಿನ ತುದಿ ಓಲೆಗೆ ಸಿಕ್ಕಿ ಕಿವಿಯ ಹಾಲೆ ಹರಿದು ಇಬ್ಭಾಗವಾಯಿತು. ಅವಳನ್ನು ಜೋಳದ ಚೀಲಗಳ ಕೋಣೆಯಲ್ಲಿ ಕೂಡಿಹಾಕಿ, ಕೇಂದ್ರಕ್ಕೆ ಇನ್ನು ಹೋಗಬೇಕಾಗಿಲ್ಲವೆಂದು ಹೇಳಿ ಬೀಗ ಹಾಕಿದರು.

ಈ ಸುದ್ದಿಯನ್ನು ದವಾಖಾನೆಗೆ ತಂದವಳು ಖುರ್ಷಿದಬೇಗಂ. ಅವಳು ಪುಸ್ತಕ ಕೊಡುವ ನೆಪದಲ್ಲಿ ಅಂದೋಲಾಕ್ಕೆ ಹೋಗಿ, ಬಾಗಿಲ ಸಂದಿಯಿಂದ ಗೌರಾಬಾಯಿಯನ್ನು ಮಾತಾಡಿಸಿ ಬಂದಿದ್ದಳು. ಅವಳ ಹಿಂದೆ ದ್ರೌಪದಿ ಬಾಗಿಲಲ್ಲಿಯೇ ನಿಂತಿದ್ದಳು.

“ಆಕಿ ಹೆಸರ ಯಾರ ಬಾಯಿಂದ ಬಂತು?” ಎಂದು ಖುರ್ಷಿದಬೇಗಂ ಕೇಳಿದಳು.

“ನನ್ನ ಬಾಯಿಂದ.”

“ಯಾಕ್ರಿ?”

“ಅವರ ಮನಿ ದೊಡ್ಡದದ. ಆಕಿಗಿ ಯಾರೂ ಮುಟ್ಟಂಗಿಲ್ಲಂತ ಲೆಕ್ಕಾ ಹಾಕ್ದೆ.”

“ಹೊರಗಿನವರು ಮುಟ್ಟಂಗಿಲ್ಲ,” ಎಂದಳು ಅವಳು. “ಹೆಣ್ಣುಮಕ್ಕಳಿಗಿ ಹೊಡೆಯೋರು ಎಲ್ಲಿಂದ ಬರ್ತಾರ ಅನ್ನೋದು ಗೊತ್ತಿಲ್ಲೇನ್ರಿ ನಿಮಗ? ಸಮೀಕರಣ ಬಿಡಸ್ತಾರಂತ, ಸಮೀಕರಣ!”

ದ್ರೌಪದಿ ಆಗ ಬಾಯಿಬಿಟ್ಟಳು. “ಅಣ್ಣಾ, ನಾ ಅಂದೋಲಾಕ್ಕ ಹೋಗಿ ನಾನೇ ಅಂತ ಹೇಳ್ತೇನಿ.”

“ಹೇಳಿದ ದಿನಾನೇ ನಿಮ್ಮವ್ವನ ಗುಡಿಸಲಾ ಸುಡ್ತಾರ. ಸುಳ್ಳ ಹೇಳಿದಂವ ನಾ. ನಾ ಹೋಗ್ತೇನಿ. ನಿನ್ನ ಹೆಸರ ಮಾತ್ರ ಯಾರ ಬಾಯಿಂದಾನೂ ಬರಬಾರದು.”

ಮರುದಿನ ಬೆಳಿಗ್ಗೆ ಪ್ಲಾಸ್ಟರಿನ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಅವನು ಅಂದೋಲಾದ ಬಸ್ಸು ಹತ್ತಿದ. ಚಂದ್ರಾಮಪ್ಪನವರು ಕಟ್ಟೆಯ ಮೇಲೆ ಕುಳಿತಿದ್ದರು. ಹುಲೆಪ್ಪ ಅಂಗಳದಲ್ಲಿ ನಿಂತು ಹೇಳಿದ.

“ಗೌಡ್ರ, ನಿಮ್ಮ ಮಗಳು ಆ ಮಾತು ಆಡಿಲ್ರಿ. ಹೊಡೆತಾ ತಡೀಲಾರದ ನಾನೇ ಸುಳ್ಳ ಹೇಳೇನಿ.”

“ಮತ್ತ ಆಡಿದಾಕಿ ಯಾರು?”

“ಅದನ್ನ ಹೇಳಂಗಿಲ್ರಿ.”

ಚಂದ್ರಾಮಪ್ಪನವರು ಕಣ್ಣಿನಲ್ಲಿಯೇ ಸನ್ನೆ ಮಾಡಿದರು. ಆಳು ಬಡಿಗೆಯಿಂದ ಪ್ಲಾಸ್ಟರಿನ ಮೇಲೆಯೇ ಹೊಡೆದ. ಅದು ಮಡಕೆಯಂತೆ ಒಡೆದು ಚೂರುಗಳು ಅಂಗಳದಲ್ಲಿ ಬಿದ್ದವು. ಕೂಡಿಸಿದ್ದ ಮೂಳೆ ಮತ್ತೆ ಕಳಚಿ ಚರ್ಮದೊಳಗೆ ಗಂಟಾಗಿ ಎದ್ದುನಿಂತಿತು. ಹುಲೆಪ್ಪ ಮೊಣಕಾಲೂರಿ ಕುಸಿದ, ಹೆಸರು ಹೇಳಲಿಲ್ಲ.

“ಕತ್ತಲಾಗ ಗಂಡುಹುಡುಗರ ನಡುವ ಕುಂತಿದ್ದು ಖರೇ ಹೌದಲ್ಲೋ ಮಗನ?”

“ಹೌದ್ರಿ. ಶರಫುದ್ದೀನ ಸರ್ ಭೀ ಇದ್ರು. ಬಸವಂತರಾಯ ಸರ್ ಭೀ ಇದ್ರು. ಪಾಠದ ಮಾತು ಬಿಟ್ಟು ಅಲ್ಲಿ ಬ್ಯಾರೆ ಮಾತಿಲ್ರಿ.”

ಚಂದ್ರಾಮಪ್ಪನವರು ಎದ್ದುನಿಂತರು. “ಏನಂದಿ? ಅವನ ಕಾಕಾ ಭೀ ಒಳಗಿದ್ನಾ?”

“ಹೌದ್ರಿ. ಮಾತು ಆಡಿದ್ದೇ ಅವರಿಗಿ.”

ಶಿವರಾಯ ಆ ಸಂಗತಿಯನ್ನು ಮುಚ್ಚಿಟ್ಟಿದ್ದ. ತನ್ನ ಮನೆಯ ಹಿರಿಯನೇ ಕುಳಿತಿದ್ದ ಕೋಣೆಯನ್ನು ಹೊಲಸು ಜಾಗವೆಂಬಂತೆ ಬಣ್ಣಿಸಿ, ಚಹಾ ಕುಡಿದು, ತಮ್ಮ ಕೈಯಿಂದಲೇ ತಮ್ಮ ಮಗಳನ್ನು ಹೊಡೆಸಿ ಹೋದನೆಂಬುದು ಚಂದ್ರಾಮಪ್ಪನವರಿಗೆ ನಿಧಾನವಾಗಿ ಹೊಳೆಯಿತು. ಮಗಳ ಹರಿದ ಕಿವಿ ಅವರನ್ನು ಎಷ್ಟು ಕಾಡಿತೋ ಹೇಳಲಾಗದು. ತಾವು ಮೋಸಹೋದದ್ದು ಮಾತ್ರ ಕುದಿಸಿತು. ಮುಂದಿನ ಸಂತೆಯ ದಿನ ಜೇವರ್ಗಿಯ ಬಸ್‌ಸ್ಟ್ಯಾಂಡಿನೆದುರಿನ ಚಹಾದಂಗಡಿಯಿಂದ ಅವರ ಆಳುಗಳು ಶಿವರಾಯನನ್ನು ರಸ್ತೆಗೆ ಎಳೆದು, ಜನ ನೋಡುತ್ತಿರುವಂತೆಯೇ ಎರಡೂ ಮೊಣಕಾಲುಗಳನ್ನು ಬಡಿಗೆಗಳಿಂದ ಪುಡಿಮಾಡಿದರು. ಅವನು ಕಾಕಾನ ಹೆಸರು ಹಿಡಿದು ಕೂಗುತ್ತಿದ್ದನಂತೆ. ಬಸವಂತರಾಯರು ರಜೆ ಹಾಕಿ ಹೋದವರು ಮರಳಿ ಬರಲಿಲ್ಲ. ಶರಫುದ್ದೀನರು ಡಾರ್ಕ್‌ರೂಮಿನ ಕರಿ ಕಾಗದವನ್ನು ಕೈಯಾರೆ ಹರಿದುಹಾಕಿದರು.

ಸತ್ಯ ಗೆದ್ದಿತೆಂದು ಇದನ್ನು ಓದುವುದು ಸುಲಭ. ಹುಲೆಪ್ಪನ ಸುಳ್ಳು ಒಬ್ಬಳ ಬೆನ್ನು ಸೀಳಿತು. ಸತ್ಯ ಒಬ್ಬನ ಮೊಣಕಾಲು ಮುರಿಯಿತು. ಎರಡೂ ಸಲ ಏಟು ಯಾರ ಮೇಲೆ ಬೀಳಬೇಕೆಂದು ನಿರ್ಧರಿಸಿದವರು ಬೇರೆಯವರೇ. ಮುಂದಿನ ವರ್ಷಗಳಲ್ಲಿ ಅವನು ಎಂ.ಎಸ್ಸಿ. ಮುಗಿಸಿ, ಆಳಂದದ ಪದವಿಪೂರ್ವ ಕಾಲೇಜೊಂದರಲ್ಲಿ ಉಪನ್ಯಾಸಕನಾಗಿ, ಬೋರ್ಡಿನ ಮೇಲೆ ಎಡಗೈಯಿಂದ ಬರೆಯುವುದನ್ನು ರೂಢಿಸಿಕೊಂಡ. ಶಿವರಾಯ ಊರುಗೋಲಿನ ಮೇಲೆ ನಡೆಯುತ್ತಾನೆಂದು ಯಾರಾದರೂ ಹೇಳಿದರೆ ಅವನಿಗೆ ಸಂತೋಷವಾಗುತ್ತಿರಲಿಲ್ಲ, ದುಃಖವಾಗುತ್ತಿತ್ತೆಂದೂ ಹೇಳಲಾಗದು.

ಗೌರಾಬಾಯಿ ಆ ವರ್ಷದ ಪರೀಕ್ಷೆಗೆ ಬಂದಳು. ತಮ್ಮ ಮನೆಯದು ತಪ್ಪಿಲ್ಲವೆಂದು ಶಿವರಾಯನ ಮನೆತನಕ್ಕೆ ತೋರಿಸಲು ಚಂದ್ರಾಮಪ್ಪನವರು ತಾವೇ ಬೀಗ ತೆಗೆದು ಅವಳನ್ನು ಕಳುಹಿಸಿದ್ದರು. ಮೇ ತಿಂಗಳ ಬಿಸಿಲಿನಲ್ಲಿ ಜೀಪು ಕೇಂದ್ರದ ಮುಂದೆ ನಿಂತಾಗ ಇಬ್ಬರು ಆಳುಗಳು ಬಡಿಗೆ ಹಿಡಿದು ಮೊದಲು ಇಳಿದರು, ಆಮೇಲೆ ಅವಳು. ಕಿವಿಯ ಮೇಲೆ ಸೆರಗು ಎಳೆದುಕೊಂಡಿದ್ದಳು. ಮೂಳೆ ಇನ್ನೂ ಕೂಡದೆ ಭುಜದವರೆಗೆ ಮತ್ತೆ ಪ್ಲಾಸ್ಟರು ಹಾಕಿಸಿಕೊಂಡ ಹುಲೆಪ್ಪ ಮೆಟ್ಟಿಲ ಬಳಿ ನಿಂತಿದ್ದ. ಬೇರೆಯವರ ಕೈಯಿಂದ ಉತ್ತರ ಬರೆಸಲು ಅವನಿಗೆ ಅನುಮತಿ ಸಿಕ್ಕಿರಲಿಲ್ಲ.

ಅವಳು ಅವನ ಮುಂದೆ ನಿಂತಳು.

“ನನ್ನ ಹೆಸರ ಕೊಟ್ಟಿದ್ದಕ್ಕ ನಾ ನಿಮಗ ಮಾಫ್ ಮಾಡಂಗಿಲ್ಲ.”

“ಬ್ಯಾಡ್ರಿ,” ಎಂದ ಅವನು.

“ಅಂಗಳಕ್ಕ ಬಂದು ಹೊಡಸ್ಕೊಂಡಿದ್ದು ಕಿಟಕ್ಯಾಗಿಂದ ನೋಡೇನಿ. ಆವಾಗ ಭೀ ಆಕಿ ಹೆಸರ ಕೊಡಲಿಲ್ಲ. ಅದಕ್ಕ ನಿಂತು ಮಾತಾಡಾಕತ್ತೇನಿ. ಇಲ್ಲಂದ್ರ ನಿಮ್ಮ ಮುಖಾ ನೋಡ್ತಿದ್ದಿಲ್ಲ.”

ಗಂಟೆ ಹೊಡೆಯಿತು. ದ್ರೌಪದಿ ದೂರದ ಕಂಬದ ಹಿಂದೆ ನಿಂತು, ಹತ್ತಿರ ಬರಲು ಅಂಜುತ್ತಿದ್ದಳು. ಗೌರಾಬಾಯಿ ಅವಳ ಕಡೆಗೆ ತಿರುಗಿದಳು.

“ಯಾಕ್ ನಿಂತಿ ಬೇ? ಬಾ, ಹೊತ್ತಾತು.”

ಇಬ್ಬರೂ ಒಳಗೆ ಹೋದರು. ಖುರ್ಷಿದಬೇಗಂ ಓಡುತ್ತ ಬಂದು ಮುಚ್ಚುತ್ತಿದ್ದ ಬಾಗಿಲಲ್ಲಿ ನುಸುಳಿಕೊಂಡಳು. ಹೊರಗೆ ಉಳಿದವರು ಹುಲೆಪ್ಪ ಮತ್ತು ಇಬ್ಬರು ಆಳುಗಳು. ಅವರಲ್ಲೊಬ್ಬ ಅಂದೋಲಾದ ಅಂಗಳದಲ್ಲಿ ಅವನ ಕೈಗೆ ಹೊಡೆದವನು. ಅವನು ಪ್ಲಾಸ್ಟರಿನ ಕಡೆಗೆ ನೋಡಿ ಕೇಳಿದ.

“ನಿಂದು ಪರೀಕ್ಷಾ ಇಲ್ಲೇನೋ ತಮ್ಮಾ?”

“ಇತ್ತು. ಬರಿಯೋ ಕೈ ಇಲ್ಲ.”

ಆಳು ಬಡಿಗೆಯನ್ನು ಗೋಡೆಗೆ ಆನಿಸಿಟ್ಟ. ಗೋಡೆಯ ಗೇಣಗಲದ ನೆರಳಿನಲ್ಲಿ ಸರಿದು ಅವನಿಗೆ ಜಾಗ ಬಿಟ್ಟ. ಹುಲೆಪ್ಪ ಕೂಡಲಿಲ್ಲ; ಪರೀಕ್ಷೆಯ ಕೋಣೆಯ ಕಿಟಕಿಯ ಕಡೆಗೆ ಮುಖ ಮಾಡಿ ಬಿಸಿಲಿನಲ್ಲಿಯೇ ನಿಂತಿದ್ದ.